ಕನ್ನಡಿಯ ಕ್ಯಾಮೆರಾ ಸತ್ತಿಲ್ಲ

"ಡಿಎಸ್‌ಎಲ್‌ಆರ್ ಸತ್ತುಹೋಯಿತು, ಇನ್ನೇನಿದ್ದರೂ ಮಿರರ್‌ಲೆಸ್" ಎಂಬ ಮಾತು ಕಲಬುರಗಿಯ ಅಂಗಡಿಗಳಲ್ಲೂ ಮದುವೆ ಮಂಟಪಗಳಲ್ಲೂ ಗಾದೆಯ ಹಾಗೆ ಓಡಾಡುತ್ತಿದೆ. ಹೇಳುವವರು ಹೆಚ್ಚಾಗಿ ಗಂಡಸರು. ಕೇಳಿ ಹೆದರುವವರು, ಕ್ಯಾಮೆರಾ ಹಿಡಿದು ನಾಲ್ಕು ಕಾಸು ದುಡಿಯಬೇಕೆಂದು ಆಸೆಪಟ್ಟ ನಮ್ಮ ಹೆಣ್ಣುಮಕ್ಕಳು. ನನ್ನ ತಕರಾರು ಈ ಹೆದರಿಕೆಯ ಮೇಲೆ.

ಮೊದಲು ಕನ್ನಡಿಯ ಸಂಗತಿ ತಿಳಿಯೋಣ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು ಒಳಗಿನ ಪುಟ್ಟ ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದಾಗ ಅದು ಮೇಲೆದ್ದು ದಾರಿ ಬಿಡುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯಿಲ್ಲ. ಸೆನ್ಸರ್ ಕಂಡದ್ದನ್ನು ಸಣ್ಣ ಪರದೆ ತೋರಿಸುತ್ತದೆ. 2008ರಲ್ಲಿ ಪ್ಯಾನಸೋನಿಕ್ ಕಂಪನಿ ಜಿ1 ಎಂಬ ಇಂಥ ಕ್ಯಾಮೆರಾ ತಂದಿತು. ಕ್ಯಾನನ್, ನಿಕಾನ್ ಕಂಪನಿಗಳು 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ ಎಂಬುದೂ ನಿಜ. ಆದರೆ ಕಂಪನಿ ಹೊಸದು ತರುವುದನ್ನು ಬಿಟ್ಟರೆ ಇದ್ದದ್ದು ಕೆಟ್ಟುಹೋಗುತ್ತದೆಯೆ? ಹಾಗಿದ್ದರೆ ಅತ್ತೆ ಕಾಲದ ತಾಮ್ರದ ಹಂಡೆಯಲ್ಲಿ ಇಷ್ಟುದಿನ ನೀರು ಕಾಯಲೇಬಾರದಿತ್ತು!

ಕಮಲಾಪುರದಲ್ಲಿರುವ ನನ್ನ ತಂಗಿಯ ಮಗಳು ಕುಬಸ, ತೊಟ್ಟಿಲ ಕಾರ್ಯಗಳ ಫೋಟೊ ತೆಗೆಯಬೇಕೆಂದು ಹೊರಟವಳು. ಹೆಂಗಸರೇ ಕೂತ ಪಡಸಾಲೆಗೆ ಗಂಡು ಫೋಟೊಗ್ರಾಫರ್ ಬಂದರೆ ಸೆರಗು ಸರಿಮಾಡಿಕೊಳ್ಳುವುದರಲ್ಲೇ ಅರ್ಧ ನಗು ಹೋಗುತ್ತದೆ. ಅಲ್ಲಿ ಅವಳಿಗೆ ಕೆಲಸವಿದೆ. ಕಲಬುರಗಿಯ ಅಂಗಡಿಯೊಂದರಲ್ಲಿ ಅವಳಿಗೆ ಸಿಕ್ಕ ಉಪದೇಶ ಕೇಳಿ: "ಹಳೇದ್ಯಾಕ್ರೀ ಅಕ್ಕೋರೆ? ಹೆಣ್ಮಕ್ಕಳಿಗೆ ಹಗೂರ ಇರೋದೇ ಛಲೋ. ಕಂತಿನ ಮ್ಯಾಲೆ ಒಯ್ರಿ."

ಹಗುರವಂತೆ! ಕ್ಯಾನನ್ 1500ಡಿ ಡಿಎಸ್‌ಎಲ್‌ಆರ್ 475 ಗ್ರಾಂ ತೂಗುತ್ತದೆ; ಅದೇ ಕಂಪನಿಯ ಮಿರರ್‌ಲೆಸ್ ಆರ್50, 375 ಗ್ರಾಂ. ಕಂಕುಳಲ್ಲಿ ಕೂಸು, ಕೈಯಲ್ಲಿ ಕೊಡ ಹಿಡಿದು ನಡೆಯುವ ಹೆಣ್ಣಿಗೆ ನೂರು ಗ್ರಾಂ ಭಾರವೆಂದು ಮರುಗುವವರಿಗೆ ಕಂತಿನ ಭಾರ ಕಾಣುವುದಿಲ್ಲವೆ? ಅವ್ವನ ಬಳೆ ಅಡವಿಟ್ಟು ಮುಂಗಡ ಕಟ್ಟಿದ ಹುಡುಗಿಗೆ ಎರಡು ತಿಂಗಳು ಕೆಲಸ ಸಿಗದಿದ್ದರೆ ಸಾಕು, ಆ ಕ್ಯಾಮೆರಾ ಮನೆಯವರ ಕಣ್ಣಿಗೆ ಮುಳ್ಳಾಗುತ್ತದೆ. "ಸಾಕು, ಮಾರಿಬಿಡು" ಎನ್ನುತ್ತಾರೆ. ಅವಳ ಫೋಟೊ ಕೆಟ್ಟದೆಂದಲ್ಲ, ಸಾಲ ಕೆಟ್ಟದೆಂದು.

ಇನ್ನು ಯಂತ್ರದ ಗುಣವನ್ನೇ ನೋಡಿ. ನಿಕಾನ್ ಡಿ3500 ಒಂದು ಚಾರ್ಜಿಗೆ ಸುಮಾರು 1,550 ಫೋಟೊ ತೆಗೆಯುತ್ತದೆಂದು ಕಂಪನಿಯೇ ಲೆಕ್ಕ ಕೊಟ್ಟಿದೆ. ಅದರದ್ದೇ ಮಿರರ್‌ಲೆಸ್ ಜೆಡ್30ಕ್ಕೆ ಸುಮಾರು 330. ಕರೆಂಟು ಹೋದ ದಿನ ತೊಟ್ಟಿಲ ಕಾರ್ಯ ನಿಲ್ಲುತ್ತದೆಯೆ? ಜೆಡ್30ಕ್ಕೆ ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ. ಹಿಂದಿನ ಪರದೆಯೇ ಗತಿ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ, ನಮ್ಮ ಏಪ್ರಿಲ್ ಬಿಸಿಲಲ್ಲಿ, ಪರದೆ ನೋಡಿ ಫೋಟೊ ತೆಗೆಯುವ ಕಷ್ಟ ಮೊಬೈಲ್ ಹಿಡಿದವರಿಗೆಲ್ಲ ಗೊತ್ತು. ಡಿಎಸ್‌ಎಲ್‌ಆರ್ ಕಿಂಡಿಯಲ್ಲಿ ಕಾಣುವುದು ಬೆಳಕೇ, ಪರದೆಯ ಹಂಗಿಲ್ಲ.

ಮಿರರ್‌ಲೆಸ್‌ನ ಹೆಚ್ಚುಗಾರಿಕೆಯನ್ನು ನಾನು ಮುಚ್ಚಿಡುವುದಿಲ್ಲ. ಓಡಾಡುವ ಮಗುವಿನ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವುದು, ಸದ್ದಿಲ್ಲದೆ ತೆಗೆಯುವುದು, ಒಳ್ಳೆಯ ವಿಡಿಯೊ ಅದಕ್ಕೆ ಸುಲಭ. ವಿಡಿಯೊದಿಂದಲೇ ಅನ್ನ ಹುಟ್ಟಬೇಕಾದವಳು ಅದನ್ನೇ ಕೊಳ್ಳಲಿ. ಆದರೆ ಕಲಿಯಲು ಹೊರಟವಳು ಸುಸ್ಥಿತಿಯ ಹಳೆಯ ಡಿಎಸ್‌ಎಲ್‌ಆರ್ ಕೊಂಡು, ಉಳಿದ ಹಣದಲ್ಲಿ 50 ಎಂಎಂ, ಎಫ್1.8ರ ಲೆನ್ಸೊಂದನ್ನು ತರಲಿ. ಮಂದ ಬೆಳಕಿನ ಪಡಸಾಲೆಯಲ್ಲಿ ಕೈಹಿಡಿಯುವುದು ಲೆನ್ಸು. ಆ ದುಡ್ಡು ದಂಡವೂ ಅಲ್ಲ: ಕ್ಯಾನನ್ನಿನ ಇಎಫ್ ಲೆನ್ಸು ಅಡಾಪ್ಟರ್ ಹಾಕಿದರೆ ನಾಳಿನ ಆರ್ ಸರಣಿಯ ಮಿರರ್‌ಲೆಸ್‌ಗೂ ಕೂಡುತ್ತದೆ. ಮಿರರ್‌ಲೆಸ್ ಲೆನ್ಸು ಡಿಎಸ್‌ಎಲ್‌ಆರ್‌ಗೆ ಕೂಡುವುದಿಲ್ಲ. ಕೊಳ್ಳುವ ಮುನ್ನ ಲೆನ್ಸಿಗೆ ಟಾರ್ಚು ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ. ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಿ. ಹತ್ತು ಫೋಟೊ ತೆಗೆದು ಮನೆಗೆ ತಂದು ದೊಡ್ಡದು ಮಾಡಿ ನೋಡಿ. ಮಾರುವವನು ಅವಸರಪಡಿಸಿದರೆ ಎದ್ದು ಬನ್ನಿ.

ಕಲಿಯಲು ಜಾಗಕ್ಕೇನು ಬರ? ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು. ತೆರೆದ ಅಂಗಳವಿಲ್ಲದೆ ಇಡೀ ಕಟ್ಟಡಕ್ಕೆ ಚಾವಣಿ. ಆ ಕಮಾನುಗಳ ನೆರಳು ಬೆಳಕು ಕಲಿಸುವಷ್ಟನ್ನು ಯಾವ ಅಂಗಡಿಯವನೂ ಕಲಿಸಲಾರ. 2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸಿನ ಚಾರ್ಜೂ ಇಲ್ಲ. ಕಮಲಾಪುರದಿಂದ ಬೆಳಗಿನ ಬಸ್ಸು ಹತ್ತಿದರೆ ಸಾಯಂಕಾಲದೊಳಗೆ ಮನೆ.

ಆದ್ದರಿಂದ ತಾಯಂದಿರೇ, ಮಗಳು ಕ್ಯಾಮೆರಾ ಕೇಳಿದರೆ ಬೇಡವೆನ್ನಬೇಡಿ, ಕಂತಿಗೂ ಒಪ್ಪಬೇಡಿ. ಮೊದಲ ಕ್ಯಾಮೆರಾ ಸಾಲವಿಲ್ಲದ್ದಾಗಿರಲಿ, ಅವಳ ಹೆಸರಿನದಾಗಿರಲಿ. ಎರಡನೆಯದನ್ನು ಅವಳೇ ದುಡಿದು ಮಿರರ್‌ಲೆಸ್ ತರುತ್ತಾಳೆ. ಅಲ್ಲಿಯವರೆಗೆ ನಿಮ್ಮ ಬಳೆ ನಿಮ್ಮ ಕೈಯಲ್ಲೇ ಇರಲಿ.