ಸ್ಪೋರ್ಟ್ಸ್ ಕಾರಿನ ಬಳಗ ಮತ್ತು ನಾಲೆ ಏರಿಯ ರಸ್ತೆ

ಪಾಂಡವಪುರ: ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಕೊಂಡವರಿಗೆ ಮರುದಿನವೇ ಎದುರಾಗುವ ಪ್ರಶ್ನೆ, ಇದನ್ನು ಓಡಿಸುವುದೆಲ್ಲಿ ಎಂಬುದು. ನಗರದ ದಟ್ಟಣೆಯಲ್ಲಿ ಅಂಥ ಎಂಜಿನ್ ಎರಡನೇ ಗೇರ್ ದಾಟುವುದೇ ಅಪರೂಪ. ಹೀಗಾಗಿ ಹೊಸ ಮಾಲೀಕರು ಕಾರುಪ್ರಿಯರ ಬಳಗವೊಂದನ್ನು ಹುಡುಕುತ್ತಾರೆ. ಟೈರ್ ಯಾವುದು ಒಳ್ಳೆಯದು, ನಂಬಬಹುದಾದ ಮೆಕ್ಯಾನಿಕ್ ಯಾರು ಎಂಬುದು ಅಲ್ಲಿ ತಿಳಿಯುತ್ತದೆ. ಭಾನುವಾರ ನಸುಕಿನಲ್ಲಿ ಸಾಲಾಗಿ ಹೊರಡುವ ಪಯಣಕ್ಕೂ ಅಲ್ಲಿಯೇ ಆಹ್ವಾನ ಸಿಗುತ್ತದೆ.

ಆ ಪಯಣಕ್ಕೆ ಹೇಳಿ ಮಾಡಿಸಿದಂತೆ ಒದಗಿದ್ದು ಬೆಂಗಳೂರು-ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಅವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಇದನ್ನು ಲೋಕಾರ್ಪಣೆ ಮಾಡಿದರು. ಅದೇ ವರ್ಷ ಈ ಹಾದಿಯ ಅಪಘಾತಗಳಲ್ಲಿ ಸತ್ತವರ ಸಂಖ್ಯೆ 188. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ವೇಗದ ಮಿತಿ ಗಂಟೆಗೆ 100 ಕಿ.ಮೀ. ಆಯಿತು, ಬಳಿಕ ಕ್ಯಾಮೆರಾಗಳೂ ಬಂದವು. 2024ರ ಆಗಸ್ಟ್‌ನಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ 130 ಕಿ.ಮೀ. ಮೀರಿದವರ ವಿರುದ್ಧ ಎಫ್‌ಐಆರ್ ದಾಖಲಿಸುವ ಕ್ರಮ ಆರಂಭವಾಯಿತು. ಆ ವರ್ಷ ಈ ಹೆದ್ದಾರಿಯ ಸಾವಿನ ಸಂಖ್ಯೆ 50ರ ಆಸುಪಾಸಿಗೆ ಇಳಿಯಿತು. ಚಾಲಕರು ಏಕಾಏಕಿ ವಿವೇಕಿಗಳಾದರೆಂದು ಇದರರ್ಥವಲ್ಲ; ಕಣ್ಣಿಟ್ಟು ನೋಡುವವರು ಬಂದರು, ಅಷ್ಟೆ.

ಆದರೆ ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬಿಟ್ಟು ಪಾಂಡವಪುರದ ಕಡೆಗೆ ತಿರುಗಿದೊಡನೆ ಈ ಕಾವಲು ತೆಳುವಾಗುತ್ತದೆ. ಕುಂತಿಬೆಟ್ಟ, ಮೇಲುಕೋಟೆಯ ತಿರುವುಗಳು, ತೊಣ್ಣೂರು ಕೆರೆ ಇವೆಲ್ಲ ವಾರಾಂತ್ಯದ ಪಯಣಿಗರನ್ನು ಸೆಳೆಯುವ ತಾಣಗಳೇ. ರಸ್ತೆ ಮಾತ್ರ ಬೇರೆಯದು. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯತ್ತ ಸಾಗುವ ಎತ್ತಿನಗಾಡಿಗೆ ಹಿಂದಿನ ದೀಪವೇ ಇರುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್‌ನ ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ನೆಲಕ್ಕೆ ತಾಗುವಂತಿರುವ ಕಾರಿಗೆ ಊರೂರಿನ ಹಂಪ್‌ಗಳೂ ಕಂಟಕ. ಹಳ್ಳಿಗರ ಪಾಲಿಗೆ ಬಹುಶಃ ಅವೇ ರಕ್ಷಕ.

ಇದಕ್ಕಿಂತ ಗಂಭೀರವಾದುದು ವಿಶ್ವೇಶ್ವರಯ್ಯ ನಾಲೆ. 2018ರ ನವೆಂಬರ್ 24ರಂದು ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಮಂದಿ ಸತ್ತರು. 2023ರ ನವೆಂಬರ್ 7ರಂದು ಬನಘಟ್ಟದ ಬಳಿ ಕಾರು ನಾಲೆಗೆ ಬಿದ್ದು ಐವರು ಅಸುನೀಗಿದರು. ಇವೆರಡೂ ಸ್ಪೋರ್ಟ್ಸ್ ಕಾರುಗಳಲ್ಲ, ಮೋಜಿನ ಓಟಗಳೂ ಅಲ್ಲ. ಸಾಮಾನ್ಯ ವಾಹನಗಳನ್ನೇ ಕ್ಷಮಿಸದ ರಸ್ತೆಗೆ, ಕೆಲವೇ ಸೆಕೆಂಡುಗಳಲ್ಲಿ 100 ಕಿ.ಮೀ. ವೇಗ ಮುಟ್ಟುವ ಕಾರನ್ನು ಅದರ ಕೈವಾಡವಿನ್ನೂ ತಿಳಿಯದವರು ತಂದರೆ ಏನಾದೀತು ಎಂಬುದೇ ಆತಂಕ.

ಬಳಗಗಳ ಹೊಣೆ ಇರುವುದು ಇಲ್ಲಿಯೇ. ಹೊಸಬರು ಹಿಂದುಳಿಯುವ ಅಳುಕಿನಿಂದ ಮುಂದಿನ ಕಾರಿನ ವೇಗವನ್ನೇ ಅನುಸರಿಸುತ್ತಾರೆ. ಮುಂದಿನ ಕಾರಿನವರಿಗೆ ಹತ್ತು ವರ್ಷಗಳ ಅನುಭವ, ಇವರಿಗೆ ಹತ್ತು ದಿನಗಳದ್ದು. ನಿಧಾನವಾಗಿ ಓಡಿಸುವವರನ್ನು ಮುಂದಿಟ್ಟು, ಓವರ್‌ಟೇಕ್ ನಿಷೇಧಿಸಿ ಹೊರಡುವ ಬಳಗಕ್ಕೂ, ‘ಹೆದ್ದಾರಿ ಬಿಟ್ಟ ಮೇಲೆ ನಿಮ್ಮ ನಿಮ್ಮ ಇಷ್ಟ’ ಎನ್ನುವ ಬಳಗಕ್ಕೂ ಅಜಗಜಾಂತರ. ಸೇರುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಕಾನೂನೂ ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ, ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಓಟದ ಸ್ಪರ್ಧೆ ನಡೆಸಿದರೆ ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಕೋಟಿ ಬೆಲೆಯ ಕಾರಿನವರಿಗೆ ಐದು ಸಾವಿರ ಲೆಕ್ಕಕ್ಕಿಲ್ಲದಿರಬಹುದು. ಆದರೆ ಸ್ಪರ್ಧೆ ಹಾಗೂ ವೇಗಪರೀಕ್ಷೆಗೆ ಬಳಸಿದ ವಾಹನಕ್ಕೆ ಸಾಮಾನ್ಯ ವಿಮೆ ಅನ್ವಯಿಸುವುದಿಲ್ಲ. ಆ ಲೆಕ್ಕ ಚಿಕ್ಕದಲ್ಲ.

ಬಳಗಗಳಲ್ಲಿ ಸಿಗುವ ಸಲಹೆಗಳೆಲ್ಲ ಹಿತವಚನವಾಗಿರಬೇಕೆಂದೂ ಇಲ್ಲ. 20 ಲಕ್ಷ ರೂ. ಮೀರಿದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 18, ಸೆಸ್ ಪ್ರತ್ಯೇಕ. ಇದನ್ನು ತಪ್ಪಿಸಲು ಹೊರರಾಜ್ಯದಲ್ಲಿ ನೋಂದಣಿ ಮಾಡಿಸುವ ಉಪಾಯ ಹಳೆಯದು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಸುಮಾರು 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರಿಂದ ಸುಮಾರು 1.4 ಕೋಟಿ ರೂ. ವಸೂಲಾಯಿತು.

ವೇಗದ ಆಸೆಯನ್ನು ತಪ್ಪೆನ್ನಲಾಗದು. ಅದಕ್ಕೊಂದು ಜಾಗ ಬೇಕು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಗೆ ದೀರ್ಘ ಇತಿಹಾಸವಿದೆ. ಆದರೆ ಕಾರು ಓಟಕ್ಕೆಂದೇ ಕಟ್ಟಿದ ಪೂರ್ಣ ಪ್ರಮಾಣದ ಟ್ರ್ಯಾಕ್ ರಾಜ್ಯದಲ್ಲಿಲ್ಲ. ಹತ್ತಿರದವು ತಮಿಳುನಾಡಿನ ಶ್ರೀಪೆರಂಬದೂರು ಸಮೀಪ ಹಾಗೂ ಕೊಯಮತ್ತೂರಿನಲ್ಲಿವೆ. ಅಲ್ಲಿಗೆ ಹೋಗಲು ದಿನ ಗೊತ್ತುಮಾಡಿ, ಶುಲ್ಕ ಕಟ್ಟಿ, ಹೆಲ್ಮೆಟ್ ಧರಿಸಬೇಕು. ಪಾಂಡವಪುರದ ರಸ್ತೆಗೆ ಬರಲು ಟೋಲ್ ಕಟ್ಟಿದರೆ ಸಾಕು.