ಗೃಹಸ್ಥರ ಪುಟ: ದಸ್ತಗಿರಿಯಾದ ಮೇಲೆ

ನಮ್ಮ ವಾಚಕರಲ್ಲಿ ಒಬ್ಬ ತಾಯಿಯವರು ಬರೆದಿರುವ ಪತ್ರವು ಅನೇಕ ಮನೆಗಳಿಗೆ ಸಂಬಂಧಿಸಿದ್ದಾದುದರಿಂದ ಅದಕ್ಕೆ ಇಲ್ಲಿಯೇ ಉತ್ತರವನ್ನು ಬರೆಯುತ್ತೇನೆ. ಅವರ ಮಗನು ಬಿ.ಎಡ್. ಪರೀಕ್ಷೆಯನ್ನು ಮುಗಿಸಿ ಸರಕಾರೀ ಉಪಾಧ್ಯಾಯ ವೃತ್ತಿಗೆ ಅರ್ಜಿ ಹಾಕಿಕೊಂಡಿರುವನು. ಕಳೆದ ವರ್ಷ ಊರಿಗೆ ಕುಡಿಯುವ ನೀರು ಬೇಕೆಂದು ತಾಲ್ಲೂಕು ಕಚೇರಿಯ ಮುಂದೆ ಹತ್ತಾರು ಜನರೊಡನೆ ಕುಳಿತಿದ್ದನಂತೆ. ಪೋಲೀಸರು ಎಲ್ಲರನ್ನೂ ವ್ಯಾನಿಗೆ ಹತ್ತಿಸಿ, ಒಂದು ಕಲ್ಯಾಣಮಂಟಪದಲ್ಲಿ ಕೂರಿಸಿ, ಹೆಸರು ವಿಳಾಸಗಳನ್ನು ಬರೆದುಕೊಂಡು, ಚಿತ್ರಾನ್ನವನ್ನೂ ಕೊಟ್ಟು ಸಂಜೆಗೆ ಬಿಟ್ಟರು. ಎಲ್ಲರೂ ನಗುತ್ತ ಮನೆಗೆ ಬಂದರು. ಎಂಟು ತಿಂಗಳ ಮೇಲೆ ನ್ಯಾಯಾಲಯದಿಂದ ಸಮನ್ಸು ಬಂದಿತು. ತಪ್ಪೊಪ್ಪಿಕೊಂಡು ಐನೂರೋ ಸಾವಿರವೋ ದಂಡ ತೆತ್ತರೆ ಒಂದೇ ದಿನದಲ್ಲಿ ಮುಗಿಯುವುದೆಂದು ಜೊತೆಯವರು ಹೇಳುತ್ತಿದ್ದಾರೆ. "ಕಟ್ಟಿಬಿಡೋಣವೇ ಮೇಷ್ಟರೇ?" ಎಂಬುದು ತಾಯಿಯವರ ಪ್ರಶ್ನೆ.

ವಕೀಲರನ್ನು ಕಾಣದೆ ಕಟ್ಟಬೇಡಿರಮ್ಮ. ಕಾರಣವನ್ನು ಕ್ರಮವಾಗಿ ಹೇಳುತ್ತೇನೆ.

ನಮ್ಮ ಹಿರಿಯರು ಸೆರೆಮನೆಗೆ ಹೋದ ಬಗೆಯೇ ಬೇರೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಿದ ಟಿ. ಸಿದ್ಧಲಿಂಗಯ್ಯನವರೂ ಅವರ ಸಂಗಡಿಗರೂ ಕಾಯಿದೆಯನ್ನು ಬಲ್ಲವರಾಗಿಯೇ ಮುರಿದರು. ದಸ್ತಗಿರಿಯನ್ನು ಎದುರುನೋಡಿಯೇ ಹೋಗಿದ್ದರು. ಈಗ ಕಚೇರಿಯ ಮುಂದೆ ಕೂರುವ ಹುಡುಗನು ಕಾಯಿದೆಯನ್ನು ಮುರಿಯಲು ಬಂದವನಲ್ಲ. ಶಾಂತಿಯಿಂದಲೂ ನಿರಾಯುಧರಾಗಿಯೂ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವೇ ಅವನಿಗೆ ಕೊಟ್ಟಿದೆ. ಆ ಹಕ್ಕಿಗೆ ಯುಕ್ತವಾದ ನಿರ್ಬಂಧಗಳನ್ನು ವಿಧಿಸಬಹುದೆಂದು ಅಲ್ಲಿಯೇ ಹೇಳಿರುವುದೂ ನಿಜ. ಜಗಳವೆಲ್ಲ ಈ ಯುಕ್ತಾಯುಕ್ತತೆಯ ವಿಷಯವಾಗಿಯೇ ಉಂಟಾಗುವುದು.

ಪೋಲೀಸರು ಹಿಡಿದೊಯ್ಯುವುದರಲ್ಲಿ ಎರಡು ವಿಧಗಳಿವೆ. ಇವೆರಡನ್ನೂ ಒಂದೆಂದು ತಿಳಿದು ನಮ್ಮವರು ಕೆಡುತ್ತಾರೆ. ಅಪರಾಧವು ನಡೆಯದಂತೆ ಮುಂಜಾಗ್ರತೆಗಾಗಿ ಹಿಡಿಯುವುದು ಒಂದು. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 151ನೆಯ ಕಲಮಾಗಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 170ನೆಯದು. ಇದರ ಬಲದಿಂದ ಇಪ್ಪತ್ತುನಾಲ್ಕು ಗಂಟೆಗಳಿಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಇಷ್ಟರಿಂದಲೇ ಯಾರೂ ಅಪರಾಧಿಯಾಗುವುದಿಲ್ಲ. ಅಪರಾಧವು ನಡೆಯಿತೆಂದು ಮೊಕದ್ದಮೆಯನ್ನು ದಾಖಲು ಮಾಡಿ ಹಿಡಿಯುವುದು ಇನ್ನೊಂದು. ಐವರು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟವೆಂದು ನ್ಯಾಯ ಸಂಹಿತೆಯ 189ನೆಯ ಕಲಮನ್ನೂ, ನಿಷೇಧಾಜ್ಞೆಯನ್ನು ಮೀರಿದರೆಂದು 223ನೆಯದನ್ನೂ ಸಾಮಾನ್ಯವಾಗಿ ಹಾಕುತ್ತಾರೆ. ಇವು ಜಾಮೀನು ದೊರೆಯತಕ್ಕ ಅಪರಾಧಗಳು. ಆದರೆ ಹಳೆಯ 188ನೆಯ ಕಲಮಿನಲ್ಲಿ ಇನ್ನೂರು ಅಥವಾ ಸಾವಿರ ರೂಪಾಯಿಗೆ ನಿಲ್ಲುತ್ತಿದ್ದ ದಂಡವು ಈಗಿನ 223ರಲ್ಲಿ 2,500, ಸಂದರ್ಭವಿಶೇಷದಲ್ಲಿ 5,000 ರೂಪಾಯಿಗಳವರೆಗೆ ಏರಿದೆ. ಸೆರೆಯು ಆರು ತಿಂಗಳು, ಅಥವಾ ಒಂದು ವರ್ಷದವರೆಗೂ ಆಗಬಹುದು. ಕಲ್ಯಾಣಮಂಟಪದ ಚಿತ್ರಾನ್ನವನ್ನು ತಿನ್ನುವಾಗ ತನ್ನನ್ನು ಯಾವ ವಿಧದಲ್ಲಿ ಹಿಡಿದಿದ್ದಾರೆಂದು ಆ ಹುಡುಗನು ಕೇಳಲಿಲ್ಲ. ಕೇಳುವುದು ಅವನ ಹಕ್ಕಾಗಿತ್ತು. ದಸ್ತಗಿರಿಯ ಕಾರಣವನ್ನು ತಿಳಿಸತಕ್ಕದ್ದೆಂದು ಸಂವಿಧಾನದ 22ನೆಯ ಅನುಚ್ಛೇದವೇ ವಿಧಿಸಿದೆ.

ಈಗ ದಂಡದ ಮಾತು. ತಪ್ಪೊಪ್ಪಿಕೊಂಡು ನೂರು ರೂಪಾಯಿಯನ್ನು ತೆತ್ತರೂ ಅದು ಅಪರಾಧ ನಿರ್ಣಯವೇ. ಹಣವು ಅಲ್ಪವೆಂದು ನಿರ್ಣಯವು ಅಲ್ಪವಾಗುವುದಿಲ್ಲ. ನಾಳೆ ಸರಕಾರೀ ಕೆಲಸದ ದೃಢೀಕರಣ ಪತ್ರದಲ್ಲಿ "ಎಂದಾದರೂ ದಸ್ತಗಿರಿಯಾಗಿದ್ದೀರಾ? ಮೊಕದ್ದಮೆಗೆ ಗುರಿಯಾಗಿದ್ದೀರಾ? ಶಿಕ್ಷೆ ಹೊಂದಿದ್ದೀರಾ?" ಎಂಬ ಅಂಕಣಗಳಿರುತ್ತವೆ. ಮೂರನೆಯದಕ್ಕೆ ಇಂದು "ಇಲ್ಲ" ಎಂದು ಬರೆಯಬಲ್ಲ ಹುಡುಗನು ದಂಡ ಕಟ್ಟಿದ ಮರುದಿನ ಹಾಗೆ ಬರೆಯಲಾರನು.

ವಾದಿಸುವುದಕ್ಕೆ ಆಧಾರವೂ ಇಲ್ಲದಿಲ್ಲ. ನಿಷೇಧಾಜ್ಞೆಯನ್ನು ಮೀರಿದರೆಂಬ ಆಪಾದನೆಯನ್ನು, ಆ ಆಜ್ಞೆಯನ್ನು ಕೊಟ್ಟ ಅಧಿಕಾರಿಯಾಗಲಿ ಅವರ ಮೇಲಧಿಕಾರಿಯಾಗಲಿ ಆ ಅಧಿಕಾರಿಯಿಂದ ಅಧಿಕಾರ ಪಡೆದ ಬೇರೆ ಸರಕಾರೀ ನೌಕರನಾಗಲಿ ಲಿಖಿತ ದೂರನ್ನು ಕೊಟ್ಟಲ್ಲದೆ ನ್ಯಾಯಾಲಯವು ವಿಚಾರಣೆಗೆ ತೆಗೆದುಕೊಳ್ಳಲಾಗದು. ಸುರಕ್ಷಾ ಸಂಹಿತೆಯ 215ನೆಯ ಕಲಮು ಹೀಗೆ ಹೇಳುತ್ತದೆ. ಆಜ್ಞೆಯೇ ನ್ಯಾಯವಾಗಿದ್ದಿತೇ ಎಂದೂ ಕೇಳಬಹುದು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಭೆಗಳನ್ನು ನಿಷೇಧಿಸಿ ಆಜ್ಞೆಯಾಗಿದ್ದುದು ವಾಚಕರ ನೆನಪಿನಲ್ಲಿರಬಹುದು. ಡಿಸೆಂಬರ್ 19ರಂದು ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾರವರನ್ನು ಪೋಲೀಸರು ಕೈ ಹಿಡಿದು ಕರೆದೊಯ್ದರು. 2020ರ ಫೆಬ್ರವರಿ 13ರಂದು ಮುಖ್ಯ ನ್ಯಾಯಾಧೀಶ ಅಭಯ ಓಕಾರವರಿದ್ದ ಪೀಠವು ಆ ಆಜ್ಞೆಯು ಕಾಯಿದೆಗೆ ವಿರುದ್ಧವಾದುದೆಂದು ತೀರ್ಪಿತ್ತಿತು. ಅದಕ್ಕೆ ಒಂದು ತಿಂಗಳ ಹಿಂದೆಯೇ, ಅನುರಾಧಾ ಭಾಸಿನ್ ಮೊಕದ್ದಮೆಯಲ್ಲಿ, ಇಂತಹ ಆಜ್ಞೆಗಳು ನ್ಯಾಯವಾದ ಅಭಿಪ್ರಾಯವನ್ನು ಅಡಗಿಸುವ ಸಾಧನವಾಗಬಾರದೆಂದು ಸುಪ್ರೀಂ ಕೋರ್ಟು ಹೇಳಿದ್ದಿತು. ತೀರ್ಪು ಬರುವ ವೇಳೆಗೆ ಮೂರು ದಿನಗಳ ಆ ಆಜ್ಞೆಯ ಅವಧಿಯು ಮುಗಿದು ಎಷ್ಟೋ ವಾರಗಳಾಗಿದ್ದವೆಂಬುದನ್ನೂ ಮರೆಯಬಾರದು. ನ್ಯಾಯದೇವತೆಯು ನಡೆದು ಬರುವವಳು. ಪೋಲೀಸ್ ವ್ಯಾನಿಗೆ ಚಕ್ರಗಳಿವೆ.

ನಮ್ಮ ಪ್ರಾಚೀನರೂ ಈ ವಿಷಯವನ್ನು ಆಲೋಚಿಸದೆ ಇರಲಿಲ್ಲ. ವಾದಿಯು ಪ್ರತಿವಾದಿಯನ್ನು ತಡೆದು ನಿಲ್ಲಿಸುವುದಕ್ಕೆ ನಾರದಸ್ಮೃತಿಯಲ್ಲಿ "ಆಸೇಧ" ಎಂದು ಹೆಸರು. ರೋಗಿಯನ್ನೂ, ಮದುವೆಗೆ ಹೊರಟವನನ್ನೂ, ಬಿತ್ತನೆಯಲ್ಲಿ ತೊಡಗಿದ ರೈತನನ್ನೂ, ದನ ಮೇಯಿಸುತ್ತಿರುವ ಗೋಪಾಲಕನನ್ನೂ ತಡೆಯಕೂಡದು. ತಡೆಯಬಾರದವನನ್ನು ತಡೆದವನೇ ದಂಡಾರ್ಹನು ಎಂದು ಅಲ್ಲಿ ಹೇಳಿದೆ. ಈ ಕಡೆಯ ಮಾತು ನನಗೆ ಬಹಳ ಹಿಡಿಸಿತು. ಈಗಿನ ಸಂಹಿತೆಗಳನ್ನು ಬರೆದವರು ಹೆಸರುಗಳನ್ನು ಸಂಸ್ಕೃತದಿಂದ ತೆಗೆದುಕೊಂಡಂತೆ ಇದನ್ನೂ ಇನ್ನಷ್ಟು ಧಾರಾಳವಾಗಿ ತೆಗೆದುಕೊಂಡಿದ್ದರೆ ಚೆನ್ನಾಗಿದ್ದಿತು.

ಕೆಲಸದ ಅರ್ಜಿಯಲ್ಲಿ ದಸ್ತಗಿರಿಯನ್ನು ಮರೆಮಾಚಬಹುದೇ ಎಂದೂ ತಾಯಿಯವರು ಸಂಕೋಚದಿಂದ ಕೇಳಿದ್ದಾರೆ. ಕೂಡದು. 2016ರಲ್ಲಿ ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅರ್ಜಿದಾರನು ನಿಜವನ್ನೇ ತಿಳಿಸತಕ್ಕದ್ದೆಂದು ವಿಧಿಸಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಸಂಗತಿಯನ್ನು ಬಚ್ಚಿಟ್ಟಿದ್ದರೂ ನೇಮಕ ಮಾಡುವವರು ಮನ್ನಿಸಬಹುದೆಂದು ಅದೇ ತೀರ್ಪಿನಲ್ಲಿದೆ, ಮನ್ನಿಸಲೇಬೇಕೆಂದಿಲ್ಲ. ಕುಳಿತದ್ದು ನೀರಿಗಾಗಿ, ಅದನ್ನು ಬರೆಯುವುದಕ್ಕೆ ನಾಚಿಕೆಯೇಕೆ? ಬಚ್ಚಿಟ್ಟು ಸಿಕ್ಕಿಬಿದ್ದರೆ ನೀರಿನ ಮಾತು ಹೋಗಿ ಸುಳ್ಳಿನ ಮಾತು ಉಳಿಯುವುದು.

ವಿದೇಶಕ್ಕೆ ಹೋಗುವವರಿಗೆ ಒಂದು ಮಾತು. ಕ್ರಿಮಿನಲ್ ಮೊಕದ್ದಮೆಯು ನ್ಯಾಯಾಲಯದಲ್ಲಿ ನಡೆಯುತ್ತಿರುವಾಗ 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ಆದರೆ ಆ ನ್ಯಾಯಾಲಯದ ಅನುಮತಿಯನ್ನು ತಂದರೆ ಪಡೆಯುವ ಮಾರ್ಗವುಂಟು.

ಸಮನ್ಸಿನ ತಾರೀಖನ್ನು ತಪ್ಪಿಸಬಾರದು. ತಪ್ಪಿಸಿದರೆ ವಾರಂಟು ಹೊರಡುವುದು, ಸಣ್ಣ ಮೊಕದ್ದಮೆಯು ದೊಡ್ಡದಾಗುವುದು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು, ಅಲ್ಪ ವರಮಾನದವರು, ಇವರಿಗೆಲ್ಲ 1987ರ ಕಾಯಿದೆಯಂತೆ ವಕೀಲರನ್ನು ಉಚಿತವಾಗಿ ಒದಗಿಸುತ್ತಾರೆ.

ಕಡೆಯದಾಗಿ ಮನೆಯಲ್ಲಿರುವವರ ವಿಷಯ. ಯಾರನ್ನಾದರೂ ಹಿಡಿದೊಯ್ದರೆ, ಅವರು ಎಲ್ಲಿದ್ದಾರೆಂದು ಬಂಧುವಿಗೋ ಸ್ನೇಹಿತನಿಗೋ ತಿಳಿಸುವುದು ಪೋಲೀಸರ ಕರ್ತವ್ಯ, 1996ರಲ್ಲಿ ಡಿ.ಕೆ. ಬಸು ಮೊಕದ್ದಮೆಯ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಸೂರ್ಯಾಸ್ತವಾದ ಮೇಲೆ, ಸೂರ್ಯೋದಯಕ್ಕೆ ಮುಂಚೆ, ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ವಿಶೇಷ ಕಾರಣವಿದ್ದರೆ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಪಡೆದು ಮಹಿಳಾ ಅಧಿಕಾರಿಯೇ ಮಾಡಬೇಕು. ಇಂತಹ ಸಭೆಗೆ ಹೋಗುವ ಮಗನಾಗಲಿ ಸೊಸೆಯಾಗಲಿ ಮನೆಯವರ ದೂರವಾಣಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಹೋಗಲಿ. ಠಾಣೆಯಲ್ಲಿ ಮೊಬೈಲನ್ನು ತೆಗೆದಿಟ್ಟರೆ ಆ ಸಂಖ್ಯೆಯು ಈಗಿನ ಮಕ್ಕಳಲ್ಲಿ ಒಬ್ಬರಿಗೂ ಬಾಯಿಗೆ ಬರುವುದಿಲ್ಲ.