ಶಿಂಚಾನ್‌ಗೆ ಕನ್ನಡ ಕಲಿಸಬೇಡಿ ಎಂದವರು ಯಾರು?

ಊಟದ ಬಿಡುವಿನಲ್ಲಿ ನಮ್ಮ ಶಾಲೆಯ ಜಗುಲಿಯ ಮೇಲೆ ನಿಂತು ನೋಡಿ. ತರಗತಿಯೊಳಗೆ "ಸಾರ್, ನೀರು ಕುಡ್ದು ಬರ್ತೀನಿ" ಎಂದ ಹುಡುಗ ಹೊರಗೆ ಬಂದೊಡನೆ ಶಿಂಚಾನ್‌ನ ಎಳೆದೆಳೆದ ದನಿಯಲ್ಲಿ, ತಮಿಳಿನಲ್ಲಿ, ಗೆಳೆಯನನ್ನು ಕಿಚಾಯಿಸುತ್ತಾನೆ. ಸುತ್ತಲಿದ್ದವರು ಬಿದ್ದು ಬಿದ್ದು ನಗುತ್ತಾರೆ. ಪಾಠ ಕನ್ನಡದಲ್ಲಿ, ನಗು ತಮಿಳಿನಲ್ಲಿ!

ಊರ ಹಿರಿಯರು "ಹಾಳು ಕಾರ್ಟೂನ್ ನೋಡಿ ಮಕ್ಕಳು ಕೆಟ್ಟವು" ಎನ್ನುತ್ತಾರೆ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಬರುವ ಅತಿಥಿಗಳು "ನಿಮ್ಮ ಮಕ್ಕಳ ಕನ್ನಡದಲ್ಲಿ ತಮಿಳು ಬೆರೆತಿದೆ" ಎಂದು ಮರುಗುತ್ತಾರೆ. ಇಬ್ಬರಿಗೂ ನಮ್ಮದು ಒಂದೇ ಪ್ರಶ್ನೆ: ಆ ಐದು ವರ್ಷದ ತುಂಟನಿಗೆ ಕನ್ನಡ ಕಲಿಸಬೇಡಿ ಎಂದವರು ಯಾರು?

ಯೊಶಿಟೊ ಉಸುಯಿ ಬರೆದ ಕಾಮಿಕ್ಸ್ ಆಧರಿಸಿ ಜಪಾನಿನ ಟಿವಿಯಲ್ಲಿ ಶಿಂಚಾನ್ ಶುರುವಾದದ್ದು 1992ರ ಏಪ್ರಿಲ್‌ನಲ್ಲಿ. ಮೊದಲ ಕಂತುಗಳಲ್ಲಿ ತಂಗಿ ಹಿಮಾವಾರಿ ಇನ್ನೂ ಹುಟ್ಟಿರಲಿಲ್ಲ. ಅಪ್ಪ, ಅಮ್ಮ, ಮಗ, ಒಂದು ನಾಯಿ. ತೀರದ ಮನೆಸಾಲ, ಅಮ್ಮನ ಗದರಿಕೆ, ಅಪ್ಪನ ನಾರುವ ಕಾಲುಚೀಲ. ನಮ್ಮ ಬೀದಿಯ ಯಾವ ಮನೆಯಾದರೂ ಆಗಬಹುದು. ಅವನ ಕೆಲವು ಚೇಷ್ಟೆಗಳು ನಮಗೂ ಹಿಡಿಸುವುದಿಲ್ಲ. ಆದರೆ ಅಮ್ಮನೊಡನೆ ಜಗಳವಾಡುವ, ಅಪ್ಪನನ್ನು ಅಣಕಿಸುವ ಮಾತೇ ಅಲ್ಲವೇ ಮನೆಮಾತು? ಅದನ್ನು ಯಾವ ಪಠ್ಯಪುಸ್ತಕ ಕಲಿಸೀತು?

ಅವನು 2006ರಲ್ಲಿ ಹಂಗಾಮಾ ವಾಹಿನಿಯ ಮೂಲಕ ಭಾರತಕ್ಕೆ ಬಂದ. ಹಿಂದಿ, ತಮಿಳು, ತೆಲುಗು ಕಲಿತ. ಅದೇ ವರ್ಷ ತಮಿಳುನಾಡು ಸರಕಾರ ಮನೆಮನೆಗೆ ಉಚಿತ ಬಣ್ಣದ ಟಿವಿ ಹಂಚತೊಡಗಿತು. ಅದೇ ವರ್ಷ ತಮಿಳು ಕಲಿಕೆ ಕಾಯ್ದೆ ಬಂದು, ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ನಮ್ಮ ಹೊಸೂರು, ಡೆಂಕಣಿಕೋಟೆ, ತಳಿಯ ಸೀಮೆ ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಮನೆಯೊಳಗೆ ಕನ್ನಡ ಉಳಿದಿತ್ತು. ಕಾಯ್ದೆಯ ಬಗ್ಗೆ ನಾವು ಬೇಕಾದಷ್ಟು ಮಾತಾಡಿದೆವು. ನಡುಮನೆಗೆ ಬಂದು ಕೂತ ಟಿವಿಯ ಬಗ್ಗೆ ತುಟಿ ಬಿಚ್ಚಲಿಲ್ಲ.

ಅತ್ತ ಕರ್ನಾಟಕದಲ್ಲಿ ನಡೆದದ್ದೇನು? 1960ರ ದಶಕದ ಡಬ್ಬಿಂಗ್ ವಿರೋಧಕ್ಕೆ ಅರ್ಥವಿತ್ತು. ಕನ್ನಡ ಚಿತ್ರರಂಗ ಆಗ ಮದರಾಸಿನ ನೆರಳಿನಲ್ಲಿ ಉಸಿರಾಡುತ್ತಿತ್ತು. ಅ.ನ.ಕೃ. ಅವರಂಥವರ ಹೋರಾಟವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಸಿನಿಮಾಕ್ಕೆ ಹಾಕಿದ ಬೇಲಿಯನ್ನೇ ಟಿವಿಗೂ ಎಳೆದರಲ್ಲ! 2012ರಲ್ಲಿ 'ಸತ್ಯಮೇವ ಜಯತೆ' ತಮಿಳು, ತೆಲುಗು, ಮಲಯಾಳಂಗಳಲ್ಲಿ ಬಂತು, ಕನ್ನಡ ವಾಹಿನಿಗೆ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗವು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಬೇಕಾಯಿತು. ಅಷ್ಟರಲ್ಲಿ, 2009ರಲ್ಲೇ ಶುರುವಾದ ಚಿಂಟು ಟಿವಿಯಲ್ಲಿ ಹೊರಗಿನ ಕಾರ್ಟೂನ್‌ಗಳು ಕನ್ನಡ ಮಾತಾಡಿದ್ದವು. ಕನ್ನಡಕ್ಕೇನಾದರೂ ಕುತ್ತು ಬಂತೇ?

"ಡಬ್ಬಿಂಗ್ ಏಕೆ, ನಮ್ಮದೇ ಕಾರ್ಟೂನ್ ಮಾಡೋಣ" ಎನ್ನುವವರಿದ್ದಾರೆ. ಖಂಡಿತ ಮಾಡಿ. ಆದರೆ ನೀವು ಮಾಡಿ ಮುಗಿಸುವ ತನಕ ಎರಡನೇ ತರಗತಿಯ ಮಗು ಎರಡನೇ ತರಗತಿಯಲ್ಲೇ ಕೂತು ಕಾಯುವುದಿಲ್ಲ.

ತಮಿಳಿನ ಮೇಲೆ ನಮಗೆ ದ್ವೇಷವಿಲ್ಲ. ಅದು ನೆರೆಯವರ ಭಾಷೆ, ನಾಳೆ ನಮ್ಮ ಮಕ್ಕಳ ಅನ್ನದ ಭಾಷೆ. ಚೆನ್ನಾಗಿಯೇ ಕಲಿಯಲಿ. ನಮ್ಮ ಬೇಡಿಕೆ ಸಣ್ಣದು: ಮಕ್ಕಳ ಕಾರ್ಯಕ್ರಮ ಯಾವುದೇ ಇರಲಿ, ಕನ್ನಡ ಧ್ವನಿ ಇರಲಿ, ಅದು ಗಡಿಯಾಚೆಯ ಕೇಬಲ್ಲಿಗೂ ಬರಲಿ. ಈಗ ಕೆಲವು ವಾಹಿನಿಗಳು ಕನ್ನಡ ಧ್ವನಿ ಕೊಡುತ್ತಿವೆ. ಪೋಷಕರೇ, ರಿಮೋಟಿನಲ್ಲಿ ಭಾಷೆಯ ಗುಂಡಿ ಒತ್ತಿ ನೋಡಿ, ಇಲ್ಲದಿದ್ದರೆ ಕೇಬಲ್ಲಿನವರನ್ನು ಕೇಳಿ.

ಕಳೆದ ಶುಕ್ರವಾರ ಮಕ್ಕಳಿಗೆ ಹೇಳಿದೆವು: "ಶಿಂಚಾನ್ ನಿಮ್ಮನೇಲಿ ಹುಟ್ಟಿದ್ರೆ ಹೆಂಗಿರುತ್ತೆ, ಆಡಿ ತೋರಿಸಿ." ಮೂರನೇ ತರಗತಿಯ ಹುಡುಗಿ ಸೊಂಟಕ್ಕೆ ಕೈಯಿಟ್ಟು, "ಲೋ, ಕಾಲ್ ತೊಳ್ಕೊಂಡ್ ಒಳಕ್ ಬಾ ಅಂತ ಎಷ್ಟ್ ಸಲ ಬಡ್ಕೊಳ್ಳಿ!" ಎಂದು ಗದರಿದಳು. ಇಡೀ ತರಗತಿ ನಕ್ಕಿತು. ಅಂದು ಕನ್ನಡದಲ್ಲೇ ನಕ್ಕಿತು.